ಮಿರ್ಲೆಯ ಮಾಗಿ: ಮಂಜಿನ ನಡುವೆ ಸುಗ್ಗಿ

ಹಿಮ ಬೀಳದ ಕರ್ನಾಟಕದ ಬಯಲಿನಲ್ಲಿ ಡಿಸೆಂಬರ್ ತಿಂಗಳ ಚಳಿ ಮಂಜು ಮತ್ತು ಇಬ್ಬನಿಯ ರೂಪದಲ್ಲಿಯೇ ಊರಿಗೆ ಬರುತ್ತದೆ. ಆ ಚಳಿ ಹಳ್ಳಿಯ ದುಡಿಮೆ, ಊಟ, ಪೂಜೆಗಳನ್ನೆಲ್ಲ ತನಗೆ ತಕ್ಕಂತೆ ಹೊಂದಿಸಿಕೊಳ್ಳುವ ಬಗೆಯನ್ನು ಅರಿಯಲು ಮೈಸೂರು ಜಿಲ್ಲೆಯ ಮಿರ್ಲೆ ತಕ್ಕ ಸ್ಥಳವಾಗಿದೆ. ಕೃಷ್ಣರಾಜನಗರ–ಸಾಲಿಗ್ರಾಮ ಸೀಮೆಯ ಹೋಬಳಿ ಕೇಂದ್ರವಾದ ಈ ಊರು ಭತ್ತದ ಕಣಜವೆಂದು ಹೆಸರಾದ ಕಾವೇರಿ ಬಯಲಿನಲ್ಲಿದೆ. 1924ರ ಕಾವೇರಿ ಪ್ರವಾಹದ ತರುವಾಯ ಕಟ್ಟಿದ ಹೊಸ ಪಟ್ಟಣಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಡುವ ಮೊದಲು ಈ ಸೀಮೆಯನ್ನು ಎಡತೊರೆ ಎಂದು ಕರೆಯುತ್ತಿದ್ದರು.

ಇಲ್ಲಿನ ಮಂಜಿಗೂ ನೀರಾವರಿಗೂ ಹತ್ತಿರದ ನಂಟಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ನೆಲದಲ್ಲಿ ಹಿಂಗಾರು ಹಿಂದೆ ಸರಿದು ಆಕಾಶ ತಿಳಿಯಾದ ಮೇಲೆ, ಹಗಲಿನಲ್ಲಿ ಕಾದ ಭೂಮಿ ರಾತ್ರಿ ತನ್ನ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಆಗ ಹೊಳೆ, ನಾಲೆ ಮತ್ತು ಗದ್ದೆಗಳಿಂದ ಎದ್ದ ತೇವಾಂಶವು ನೆಲದ ಸಮೀಪದಲ್ಲಿಯೇ ತಣಿದು, ಗಾಳಿಯಲ್ಲಿ ತೇಲಿದರೆ ಮಂಜೂ, ಎಲೆ ಹುಲ್ಲುಗಳ ಮೇಲೆ ಹನಿಗಟ್ಟಿದರೆ ಇಬ್ಬನಿಯೂ ಆಗುತ್ತದೆ. ಚಾಮರಾಜ, ರಾಮಸಮುದ್ರ ಮೊದಲಾದ ಹಳೆಯ ಅಣೆಕಟ್ಟೆಗಳ ನಾಲೆಗಳು ಹರಿಯುವ ಈ ಬಯಲಿನಲ್ಲಿ, ಭತ್ತ ಬೆಳೆಸಿದ ನೀರಿನದೇ ಒಂದು ಪಾಲು ಕುಯ್ಲಿನ ಹೊತ್ತಿಗೆ ಮಂಜಾಗಿ ಮೇಲೇಳುತ್ತದೆ ಎನ್ನಬಹುದು.

ಮಾಗಿ, ಅಂದರೆ ಮಾರ್ಗಶಿರ–ಪುಷ್ಯ ಮಾಸಗಳ ಚಳಿಗಾಲ, ಇಲ್ಲಿ ಬಿಡುವಿನ ಕಾಲವಲ್ಲ. ಆದರೆ ಇಬ್ಬನಿ ಆರುವವರೆಗೆ ಗದ್ದೆಗಿಳಿದು ಪ್ರಯೋಜನವಿಲ್ಲದ ಕಾರಣ, ಬೆಳಗಿನ ಜಾವದ ಕೆಲಸವೆಲ್ಲ ಮನೆ ಮತ್ತು ಕೊಟ್ಟಿಗೆಯ ಸುತ್ತಲೇ ನಡೆಯುತ್ತದೆ: ಗೋಣಿತಾಟು ಹೊದಿಸಿದ ಹಸುಗಳ ಹಾಲು ಕರೆದು ಡೇರಿಗೆ ಹಾಕುವುದು, ಹಂಡೆಯ ಒಲೆಗೆ ಉರಿ ಹಾಕುವುದು, ಸೀಸೆಯಲ್ಲಿ ಗಡ್ಡೆ ಕಟ್ಟಿದ ತೆಂಗಿನೆಣ್ಣೆಯನ್ನು ಅದೇ ಒಲೆಯ ಬದಿಯಲ್ಲಿಟ್ಟು ಕರಗಿಸಿ ಒಡೆದ ಕೈಕಾಲುಗಳಿಗೆ ಸವರಿಕೊಳ್ಳುವುದು. ಬಿಸಿಲೇರಿದ ಮೇಲೆಯೇ ಕುಡುಗೋಲು ಹಿಡಿದವರೂ ಕಟಾವು ಯಂತ್ರಗಳೂ ಗದ್ದೆಗಿಳಿಯುವುದು ವಾಡಿಕೆ. ಕೊಯ್ದ ಭತ್ತವನ್ನು ಹಗಲು ಹರವಿ ಸಂಜೆ ಗುಡ್ಡೆ ಮಾಡಿ ಮುಚ್ಚಬೇಕಾಗುತ್ತದೆ. ಸರ್ಕಾರಿ ಖರೀದಿ ಕೇಂದ್ರಗಳಲ್ಲಿ ತೇವಾಂಶದ ಮಿತಿ ಶೇ. 17 ಆಗಿರುವುದರಿಂದ, ಒಂದು ರಾತ್ರಿಯ ಅಜಾಗರೂಕತೆ ಇಡೀ ವರ್ಷದ ದುಡಿಮೆಯ ಬೆಲೆಯನ್ನು ತಗ್ಗಿಸಬಲ್ಲದು. ತಡವಾಗಿ ನಾಟಿಯಾದ ಗದ್ದೆಗಳಲ್ಲಿ ತಂಪು ರಾತ್ರಿ ಮತ್ತು ಎಲೆಯ ಮೇಲೆ ಹೊತ್ತುಗಟ್ಟಲೆ ನಿಲ್ಲುವ ತೇವ ಎರಡೂ ಸೇರಿ ಬೆಂಕಿ ರೋಗಕ್ಕೆ, ಅಂದರೆ ಎಲೆ ಮತ್ತು ತೆನೆಯ ಕುತ್ತಿಗೆಯನ್ನು ಸುಟ್ಟಂತೆ ಒಣಗಿಸುವ ಶಿಲೀಂಧ್ರ ರೋಗಕ್ಕೆ, ಅನುಕೂಲ ಮಾಡಿಕೊಡುತ್ತವೆ.

ಭತ್ತಕ್ಕೆ ಅಳುಕು ತರುವ ಇದೇ ಇಬ್ಬನಿ ಅವರೆಗೆ ಸೊಗಡು ಕೊಡುತ್ತದೆಂಬುದು ರೈತರ ನಂಬಿಕೆ. ಹಗಲು ಕಿರಿದಾದಾಗ ಹೂವಿಗೆ ಬರುವುದು ನಾಟಿ ಅವರೆಯ ಗುಣವಾದ್ದರಿಂದ, ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಬಿತ್ತಿದ ಬಳ್ಳಿ ಈ ತಿಂಗಳಿನಲ್ಲಿಯೇ ಕಾಯಿ ಕಟ್ಟುತ್ತದೆ. ಕಾಳನ್ನು ನೀರಿನಲ್ಲಿ ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ಸಿಪ್ಪೆ ಬಿಡಿಸಿದ ಹಿತಕವರೆ ಬೇಳೆಯ ಸಾರು, ಬಿಸಿ ಮುದ್ದೆಯೊಡನೆ ಮಾಗಿಯ ಊಟವಾಗುತ್ತದೆ. ಕಾಯಿ ಬಿಡಿಸಿದ ಕೈಗಳಿಗೆ ಅಂಟಿದ ಜಿಡ್ಡು ವಾಸನೆ ತೊಳೆದರೂ ಬೇಗ ಹೋಗುವುದಿಲ್ಲ.

ಡಿಸೆಂಬರ್ 16ರ ಸುಮಾರಿಗೆ ಸೂರ್ಯ ಧನು ರಾಶಿಯನ್ನು ಪ್ರವೇಶಿಸುವುದರೊಂದಿಗೆ ಧನುರ್ಮಾಸ ಮೊದಲಾಗಿ, ದೇಗುಲಗಳಲ್ಲಿ ಬೆಳಕು ಹರಿಯುವ ಮುನ್ನವೇ ಪೂಜೆ ನಡೆದು ಅಕ್ಕಿ–ಹೆಸರುಬೇಳೆಯ ಬಿಸಿ ಹುಗ್ಗಿ ಹಂಚಲ್ಪಡುತ್ತದೆ. ಇದೇ ದಿನಗಳಲ್ಲಿ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯ ಸಂತ ಅಂತೋನಿಯವರ ದೇವಾಲಯದಲ್ಲಿ, ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಆಗಮನ ಕಾಲದ ಆರಾಧನೆ ನಡೆಯುತ್ತಿರುತ್ತದೆ. 2019ರಲ್ಲಿ ಕಿರಿಯ ಬಸಿಲಿಕಾ, ಅಂದರೆ ಪೋಪರು ಪ್ರಮುಖ ಚರ್ಚುಗಳಿಗೆ ನೀಡುವ ವಿಶೇಷ ಗೌರವ, ಪಡೆದ ಈ ಕ್ಷೇತ್ರದ ಮೂಲ ಕಥೆಯೂ ಉಳುವಾಗ ರೈತನಿಗೆ ದೊರೆತ ಮರದ ವಿಗ್ರಹದ ಸುತ್ತ ಹೆಣೆದದ್ದು. ಕ್ರೈಸ್ತರ ಮನೆಗಳಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಕಟ್ಟುವ ಕಾಲವೂ ಇದೇ ಆಗಿದೆ.

ಮಾಗಿಯ ದುಡಿಮೆ ಧಾನ್ಯದೊಂದಿಗೆ ಮುಗಿಯುವುದಿಲ್ಲ. ಮೆದೆಯಾಗಿ ಒಟ್ಟಿದ ಹುಲ್ಲು ಬೇಸಿಗೆಯುದ್ದಕ್ಕೂ ದನಗಳನ್ನು ಸಾಕಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ಕಾವೇರಿ ಧುಮುಕುವ ಚುಂಚನಕಟ್ಟೆಯ ಕೋದಂಡರಾಮನ ಸನ್ನಿಧಿಯಲ್ಲಿ ಸೇರುವ ಜಾನುವಾರು ಜಾತ್ರೆಗೆ ಹಳ್ಳಿಕಾರ್ ಎತ್ತುಗಳು ಮೈತುಂಬಿಕೊಂಡು ಹೊರಡುವುದಕ್ಕೂ ಇದೇ ಮೇವು ಆಧಾರ. ಕಟಾವು ಯಂತ್ರಗಳು ಆಳಿನ ಕೊರತೆಯನ್ನು ನೀಗಿಸಿವೆಯಾದರೂ, ಅವು ತುಳಿದು ತುಂಡರಿಸಿ ಬಿಟ್ಟ ಹುಲ್ಲು ಕೈಯಿಂದ ಕೊಯ್ದು ಕಂತೆ ಕಟ್ಟಿದ ಹುಲ್ಲಿಗೆ ಸಮವಾಗದು. ಆದ್ದರಿಂದ ಮಿರ್ಲೆಯಂತಹ ಊರುಗಳ ಚಳಿಗಾಲವನ್ನು ಮಂಜಿನ ಸೊಬಗಿಗಾಗಿ ಮೆಚ್ಚಿ ಸುಮ್ಮನಾದರೆ ಸಾಲದು. ಆ ಮಂಜು ಆರುವುದನ್ನು ಕಾದು, ಉಳಿದ ಕಿರಿದಾದ ಹಗಲಿನಲ್ಲಿಯೇ ನಾಡಿಗೆ ಅನ್ನವನ್ನೂ ದನಕ್ಕೆ ಮೇವನ್ನೂ ಒಟ್ಟುಗೂಡಿಸುವ ರೈತರ ಭತ್ತಕ್ಕೆ ಸಕಾಲದಲ್ಲಿ ಒಣಕಣ, ಗೋದಾಮು ಮತ್ತು ಖರೀದಿಯ ವ್ಯವಸ್ಥೆ ದೊರೆಯಬೇಕು.