ತಾಲೀಮಿನಿಂದ ಮೈದಾನಕ್ಕೆ: ಕೊಲ್ಹಾಪುರದ ತಂಡಗಳ ಹೆಸರುಗಳ ಹಿನ್ನೆಲೆ

ಕೊಲ್ಹಾಪುರದ ಛತ್ರಪತಿ ಶಾಹು ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯಗಳು ಆರಂಭವಾದವೆಂದರೆ ನಗರದ ಪೇಠೆಗಳೆಲ್ಲ ಅತ್ತ ಮುಖಮಾಡುತ್ತವೆ. ಅಲ್ಲಿ ಸೆಣಸುವ ತಂಡಗಳ ಹೆಸರುಗಳನ್ನು ಮೊದಲ ಬಾರಿಗೆ ಕೇಳುವವರಿಗೆ ಅಚ್ಚರಿಯಾಗದಿರದು: ಪಾಟಾಕಡೀಲ ತಾಲೀಮ, ಖಂಡೋಬಾ ತಾಲೀಮ, ದಿಲ್‌ಬಹಾರ ತಾಲೀಮ, ಬಾಲಗೋಪಾಲ ತಾಲೀಮ. ತಾಲೀಮು ಎಂದರೆ ಗರಡಿಮನೆ. ಕಾಲ್ಚೆಂಡಿನ ತಂಡಕ್ಕೆ ಕುಸ್ತಿಯ ಮನೆಯ ಹೆಸರೇಕೆ?

ಉತ್ತರವು ನಗರದ ಇತಿಹಾಸದಲ್ಲಿಯೇ ಇದೆ. 1894ರಿಂದ 1922ರವರೆಗೆ ರಾಜ್ಯವಾಳಿದ ಶಾಹು ಮಹಾರಾಜರು ಮಲ್ಲವಿದ್ಯೆಯ ಮಹಾಪೋಷಕರಾಗಿದ್ದರು. 1902ರ ಯುರೋಪ್ ಪ್ರವಾಸದ ಬಳಿಕ ಅವರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನವು ಇಂದಿಗೂ ಅದಕ್ಕೆ ಸಾಕ್ಷಿ. ಪೇಠೆಪೇಠೆಗಳಲ್ಲಿ ಗರಡಿಗಳು ಬೆಳೆದವು; ಅವು ವ್ಯಾಯಾಮದ ಮನೆಗಳಷ್ಟೇ ಆಗಿರದೆ ಓಣಿಯ ಹಬ್ಬಹರಿದಿನಗಳ, ನ್ಯಾಯಪಂಚಾಯಿತಿಗಳ ಕೇಂದ್ರಗಳೂ ಆದವು. ಮುಂದೆ ಅರಮನೆಯ ಆಶ್ರಯದಲ್ಲಿ ಫುಟ್‌ಬಾಲ್ ಬೇರೂರಿದಾಗ ತರುಣರು ಹೊಸ ಸಂಸ್ಥೆಗಳನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಆಟ ಹೊಸದು, ಮನೆ ಹಳೆಯದು.

ಹೆಸರುಗಳ ಅರ್ಥವೂ ಸ್ವಾರಸ್ಯಕರವಾಗಿದೆ. ಮರಾಠಿಯಲ್ಲಿ ಪಾಟ ಎಂದರೆ ಕಾಲುವೆ. ಪಾಟಾಕಡೀಲ ಎಂದರೆ ಕಾಲುವೆಯ ಕಡೆಯದು. ಖಂಡೋಬಾ ಕನ್ನಡಿಗರ ಮೈಲಾರಲಿಂಗನೇ. ದಿಲ್ ಮತ್ತು ಬಹಾರ್ ಪಾರಸಿಯ ಪದಗಳು: ಹೃದಯ, ವಸಂತ. ಸಂಧ್ಯಾಮಠ ತಂಡದ ಹೆಸರು ರಂಕಾಳ ಕೆರೆಯ ಪುರಾತನ ಕಟ್ಟಡವನ್ನು ನೆನಪಿಸುತ್ತದೆ. ನೀರು, ದೇವರು, ಕಟ್ಟಡ: ಹೀಗೆ ಊರೇ ತಂಡಗಳಿಗೆ ನಾಮಕರಣ ಮಾಡಿದೆ. ಆಟಗಾರನ ಕಾಲಿನಲ್ಲಿ ಇಡೀ ಪೇಠೆಯ ಮಾನ ಅಡಗಿರುತ್ತದೆ. ಆ ಅಭಿಮಾನವು ಅತಿಯಾಗಿ ಮೈದಾನದಲ್ಲಿ ಕಲಹಕ್ಕೆ ಎಡೆಮಾಡಿದ್ದೂ ಉಂಟು.

ವೃತ್ತಿಪರ ಕ್ರೀಡೆಯ ನಾಮಕರಣದ ರೀತಿಯೇ ಬೇರೆ. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರಿನ ತಂಡಕ್ಕೆ ಒಡೆಯರ ಮದ್ಯದ ಹೆಸರಿನ ನೆರಳು ಬಿದ್ದಿತು. 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬರಲು 2024ರವರೆಗೆ ಕಾಯಬೇಕಾಯಿತು. 2023ರಲ್ಲಿ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ ಆರು ತಂಡಗಳೊಡನೆ ಪ್ರಾರಂಭವಾಯಿತು. ಅವುಗಳಲ್ಲೊಂದು ಕೊಲ್ಹಾಪುರ ಟಸ್ಕರ್ಸ್, ಅಂದರೆ ಕೊಲ್ಹಾಪುರದ ದಂತಿಗಳು. ಒಡೆತನ ಪುಣೆಯ ಉದ್ಯಮಸಮೂಹದ್ದು; ಆ ವರ್ಷದ ಪಂದ್ಯಗಳೆಲ್ಲ ನಡೆದದ್ದು ಪುಣೆಯ ಬಳಿಯ ಗಹುಂಜೆಯಲ್ಲಿ. ಹೆಸರು ಕೊಲ್ಹಾಪುರದ್ದು, ಮೈದಾನ ಬೇರೆಯದು.

ಹಾಗೆಂದು ಹಣ ಬಂದೊಡನೆ ಹೆಸರು ಅಳಿಯಲೇಬೇಕೆಂದಿಲ್ಲ. 1889ರಲ್ಲಿ ಹುಟ್ಟಿದ ಕೋಲ್ಕತ್ತದ ಮೋಹನ್ ಬಗಾನ್ 1911ರಲ್ಲಿ ಬರಿಗಾಲಿನಲ್ಲಿ ಆಂಗ್ಲರ ತಂಡವನ್ನು ಸೋಲಿಸಿದ ಕೀರ್ತಿಶಾಲಿ ಸಂಘ. 2020ರಲ್ಲಿ ಅದರ ಹೆಸರಿನ ಹಿಂದೆ 'ಎಟಿಕೆ' ಎಂಬ ಅಕ್ಷರಗಳು ಸೇರಿದಾಗ ಅಭಿಮಾನಿಗಳು ಸುಮ್ಮನಿರಲಿಲ್ಲ. 2023ರಲ್ಲಿ ಆ ಅಕ್ಷರಗಳನ್ನು ಕೈಬಿಡಲಾಯಿತು. ಹೆಸರನ್ನು ಉಳಿಸಿದ್ದು ಅಭಿಮಾನಿಗಳ ನೆನಪು.

ಈ ಮಾತು ಗಡಿಭಾಗದ ಕನ್ನಡಿಗರಿಗೂ ಸಲ್ಲುತ್ತದೆ. ಗಡಹಿಂಗ್ಲಜದಂಥ ಗಡಿಯ ಪಟ್ಟಣವು ಫುಟ್‌ಬಾಲ್ ಪಂದ್ಯಾವಳಿಗಳಿಂದ ಹೆಸರುವಾಸಿಯಾಗಿದೆ. ಶಿರೋಳ ತಾಲೂಕಿನ ಅಕಿವಾಟದಂಥ ಊರಿನಿಂದ ನಗರಕ್ಕೆ ಹೋಗುವ ತರುಣನು ಅಲ್ಲಿ ಯಾವುದೋ ಪೇಠೆಯ ಹೆಸರಿನಲ್ಲಿ ಆಡಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಹಳ್ಳಿಗಳ ಗರಡಿ, ಕಬಡ್ಡಿ ತಂಡಗಳಿಗೆ ಯಾರು ಹೆಸರಿಟ್ಟರು, ಏಕೆ ಇಟ್ಟರು ಎಂಬುದು ಹಿರಿಯರ ನಾಲಿಗೆಯ ಮೇಲಷ್ಟೇ ಉಳಿದರೆ ಅದು ಅವರೊಡನೆಯೇ ಮರೆಯಾಗುತ್ತದೆ. ಒಬ್ಬ ಶಿಕ್ಷಕ, ಒಂದು ಇನ್ನೂರು ಪುಟದ ವಹಿ, ಕೇಳಲು ಕುಳಿತ ನಾಲ್ಕು ಮಕ್ಕಳು: ಇಷ್ಟಿದ್ದರೆ ಆ ಇತಿಹಾಸವನ್ನು ಕನ್ನಡದಲ್ಲಿ ಬರೆದಿಡಬಹುದು. ಈ ಕಾರ್ಯಕ್ಕೆ ಸರಕಾರದ ಅನುದಾನ ಬೇಕಿಲ್ಲ, ತಡಮಾಡದಿರುವುದೊಂದೇ ಬೇಕು.