ಎರಡನೆಯ ದಾರಿ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಒಡನೆಯೇ ಇಳಿಸಬಹುದಾದ ಬದಲಿ ಗೇಟು ಸಿದ್ಧವಿರಲಿಲ್ಲ. ಉಕ್ಕಿನ ತಡೆಗಳನ್ನು ಹೊಸದಾಗಿ ತಯಾರಿಸಿ ನೀರನ್ನು ನಿಲ್ಲಿಸುವ ವೇಳೆಗೆ ಸುಮಾರು ಒಂದು ವಾರ ಕಳೆದಿತ್ತು. ಒಂದೇ ಆಧಾರವನ್ನು ನಂಬಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕಣ್ಣಿಗೆ ಕಾಣದ ಮಾಹಿತಿಯ ಪ್ರವಾಹಕ್ಕೂ ಈ ಮಾತು ಸಲ್ಲುತ್ತದೆ. ಕಂಪ್ಲಿ ಸಮೀಪದ ಮೆಟ್ರಿಯ ರೈತರೊಬ್ಬರು ಗಣಕದ ಮೂಲಕ ತಮ್ಮ ಪಹಣಿಯನ್ನು ಕೇಳಿದರೆನ್ನೋಣ. ಆ ಕೋರಿಕೆ ದೂರದ ದತ್ತಾಂಶ ಕೇಂದ್ರದ ಸರ್ವರನ್ನು ತಲಪಬೇಕು. ಅಲ್ಲಿ ಮಾಹಿತಿಯ ಕಟ್ಟುಗಳನ್ನು ವಿಳಾಸ ನೋಡಿ ತಕ್ಕ ತಂತಿಗೆ ಹಾಯಿಸುವ ಯಂತ್ರಕ್ಕೆ ನೆಟ್‌ವರ್ಕ್ ಸ್ವಿಚ್ಚು ಎಂದು ಹೆಸರು. ಅದೊಂದೇ ಇದ್ದು ಅದು ಕೆಟ್ಟರೆ, ಸರ್ವರು ಸುಸ್ಥಿತಿಯಲ್ಲಿದ್ದರೂ ಪಹಣಿ ದೊರೆಯದು.

ಆದುದರಿಂದ ಪ್ರತಿ ಸರ್ವರಿನಿಂದಲೂ ಎರಡು ಸ್ವಿಚ್ಚುಗಳಿಗೆ ಕೇಬಲು ಎಳೆಯುತ್ತಾರೆ. ಸ್ವಿಚ್ಚೊಂದು 1,000 ಗಂಟೆಗಳಲ್ಲಿ 1 ಗಂಟೆ ಕೆಟ್ಟಿರುವುದೆಂದು ಊಹಿಸೋಣ. ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವ 10,00,000 ಗಂಟೆಗಳಲ್ಲಿ 1 ಗಂಟೆ ಮಾತ್ರ. ಆದರೆ ಒಂದರ ಕೇಡು ಇನ್ನೊಂದಕ್ಕೆ ತಗಲದಿದ್ದರೆ ಮಾತ್ರವೇ ಈ ಲೆಕ್ಕ ಸರಿ. ಎರಡನ್ನೂ ಒಂದೇ ವಿದ್ಯುತ್ ಮಾರ್ಗಕ್ಕೆ ಜೋಡಿಸಿದರೆ, ಆ ಮಾರ್ಗ ನಿಂತೊಡನೆ ಎರಡೂ ನಿಲ್ಲುವುವು.

ಇನ್ನೊಂದು ತೊಡಕೂ ಉಂಟು. ಮೂರು ಸ್ವಿಚ್ಚುಗಳನ್ನು ತ್ರಿಕೋನದಂತೆ ಜೋಡಿಸಿದರೆ ಎರಡು ದಾರಿಗಳೇನೋ ದೊರೆಯುತ್ತವೆ. ಜೊತೆಗೆ ಒಂದು ಸುತ್ತು ಏರ್ಪಡುತ್ತದೆ. ಎಲ್ಲರಿಗೂ ಉದ್ದೇಶಿಸಿದ ಸಂದೇಶವೊಂದು ಬಂದರೆ, ಪ್ರತಿ ಸ್ವಿಚ್ಚೂ ಅದರ ಪ್ರತಿಗಳನ್ನು ಉಳಿದ ಎಲ್ಲ ತಂತಿಗಳಿಗೂ ಕಳುಹುತ್ತದೆ. ಈಥರ್ನೆಟ್ ಕಟ್ಟುಗಳಿಗೆ ಆಯುಸ್ಸಿನ ಮಿತಿಯಿಲ್ಲವಾದ ಕಾರಣ ಅವು ಸುತ್ತುತ್ತಲೇ ಇದ್ದು, ಕ್ಷಣಗಳಲ್ಲಿ ಜಾಲವೆಲ್ಲ ಉಸಿರುಗಟ್ಟುತ್ತದೆ. ರಕ್ಷಣೆಗೆಂದು ಎಳೆದ ಕೇಬಲೇ ಭಕ್ಷಕವಾಗುತ್ತದೆ.

ಈ ಸಮಸ್ಯೆಗೆ 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿ ಪರಿಹಾರ ರಚಿಸಿದರು. ಅದರ ಹೆಸರು ಸ್ಪ್ಯಾನಿಂಗ್ ಟ್ರೀ. ಸ್ವಿಚ್ಚುಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡು ತಮ್ಮಲ್ಲೊಂದನ್ನು ಬೇರೆಂದು ಆರಿಸುತ್ತವೆ. ಪ್ರತಿಯೊಂದೂ ಆ ಬೇರಿಗೆ ಹೋಗುವ ಅತ್ಯಲ್ಪ ವೆಚ್ಚದ ದಾರಿಯನ್ನು ಉಳಿಸಿಕೊಳ್ಳುತ್ತದೆ. ಸುತ್ತನ್ನುಂಟುಮಾಡುವ ಹೆಚ್ಚುವರಿ ದಾರಿ ಮುಚ್ಚಲ್ಪಡುತ್ತದೆ. ನಡೆಯುತ್ತಿದ್ದ ದಾರಿ ಕಡಿದರೆ ಮುಚ್ಚಿದ್ದು ತಾನಾಗಿ ತೆರೆಯುತ್ತದೆ. ಮೊದಲಿನ ಕ್ರಮದಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಹಿಡಿಯುತ್ತಿತ್ತು. 2001ರ ಸುಧಾರಿತ ಕ್ರಮದಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡು ಸಾಕು.

ಬೇರನ್ನು ಆರಿಸುವುದು ಆದ್ಯತಾ ಸಂಖ್ಯೆಯಿಂದ. ಚಿಕ್ಕ ಸಂಖ್ಯೆಗೆ ಗೆಲುವು. ತಯಾರಾಗಿ ಬರುವಾಗ ಸ್ವಿಚ್ಚುಗಳ ಸಂಖ್ಯೆ ಸಾಮಾನ್ಯವಾಗಿ 32768. ಹಾಗೆಯೇ ಬಿಟ್ಟರೆ ಯಂತ್ರದ ಸ್ವಂತ ವಿಳಾಸ ಚಿಕ್ಕದಾಗಿರುವುದೇ ಬೇರಾಗುತ್ತದೆ. ಅದು ಮೂಲೆಯಲ್ಲಿರುವ ಹಳೆಯ ಸ್ವಿಚ್ಚೂ ಆಗಿರಬಹುದು. ಆದ್ದರಿಂದ ಬಲ್ಲ ನಿರ್ವಾಹಕನು ನಡುವಿನ ಸಮರ್ಥ ಸ್ವಿಚ್ಚಿಗೆ 4096ನ್ನೂ, ಅದರ ಜೊತೆಯದಕ್ಕೆ 8192ನ್ನೂ ಕೊಡುತ್ತಾನೆ.

ಇಷ್ಟಾದರೂ ಕೆಲಸ ಮುಗಿಯದು. ಮುಚ್ಚಿರುವ ದಾರಿಯ ಕೇಬಲು ಕೆಟ್ಟಿದ್ದರೂ ಜಾಲವು ಎಂದಿನಂತೆಯೇ ನಡೆಯುವುದರಿಂದ ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ನಡೆಯುತ್ತಿರುವ ಕೇಬಲನ್ನು ಬೇಕೆಂದೇ ಕಳಚಿ ನೋಡಿದವರಿಗೆ ಮಾತ್ರ ತಮಗೆ ಎರಡು ದಾರಿಗಳುಂಟೋ, ಒಂದೇ ಉಂಟೋ ಎಂಬುದು ನಿಶ್ಚಯವಾಗುತ್ತದೆ.