ಅಕ್ಕಿಯ ಜೊತೆ ಬೆಳಕೂ ಹೋಗಲಿ
(ಜುಮಾ ಖುತ್ಬಾದ ಸಾರಾಂಶ)

ಪವಿತ್ರ ಕುರ್‌ಆನಿನ 107ನೇ ಅಧ್ಯಾಯ ಅಲ್ ಮಾಊನ್ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿರುವ ಚಿಕ್ಕ ಸೂರಃ. ಜನರಿಗೆ ಕಾಣಲೆಂದು ನಮಾಝ್ ಮಾಡುತ್ತಾ, ದಿನಬಳಕೆಯ ಸಣ್ಣ ವಸ್ತುವನ್ನೂ ಇನ್ನೊಬ್ಬರಿಗೆ ಕೊಡದವರನ್ನು ಅದು ಕಠಿಣವಾಗಿ ಎಚ್ಚರಿಸುತ್ತದೆ. ಮಾಊನ್ ಎಂದರೆ ಕೊಡಲಿ, ಪಾತ್ರೆ, ನೀರು ಸೇದುವ ಬಕೆಟ್‌ನಂಥವು ಎಂದು ಇಬ್ನು ಮಸ್ಊದ್(ರ) ವಿವರಿಸಿದ್ದು ತಫ್ಸೀರ್‌ಗಳಲ್ಲಿದೆ. ಮನೆಯನ್ನೇ ಕಳಕೊಂಡವರಿಗೆ ಇಂದಿನ ಮಾಊನ್ ಯಾವುದು? ಒಂದು ದೀಪ, ಒಂದು ರೇಡಿಯೊ ಎಂಬುದು ನನ್ನ ಅಭಿಪ್ರಾಯ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ, ಬಕ್ರೀದ್‌ಗೆ ಕೆಲವೇ ದಿನ ಮೊದಲು, ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಭೂಕುಸಿತವಾಯಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ದುಡಿಯಲು ಹೋಗಿದ್ದ ಕನ್ನಡಿಗರೂ ಮಣ್ಣಿನಡಿ ಸಿಲುಕಿದರು. ಇಂಥ ಹೊತ್ತಿನಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ. ಮೊಬೈಲ್ ಟವರಿನ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಡೀಸೆಲ್ ಬೇಕು. ರಸ್ತೆಯೇ ಇಲ್ಲದಿದ್ದರೆ ಡೀಸೆಲ್ ತಲುಪುವುದು ಹೇಗೆ?

ರೇಡಿಯೊ ಹಾಗಲ್ಲ. ಪ್ರಸಾರ ಕೇಂದ್ರ ದೂರದ ಊರಿನಲ್ಲಿ ಸುರಕ್ಷಿತವಾಗಿದ್ದರೆ ಸಾಕು, ಎರಡು ಸೆಲ್ಲಿನಲ್ಲಿ ಸುದ್ದಿ ಕೇಳಬಹುದು. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬರುತ್ತದೆ, ಮೀಡಿಯಂ ವೇವ್ ಗುಡ್ಡ ಬಳಸಿಕೊಂಡು ದೂರ ಹೋಗುತ್ತದೆ. ಹಾಗಾಗಿ ಎರಡೂ ಇರುವ ಸೆಟ್ ಕೊಳ್ಳಬೇಕು. ಯಾವ ರಸ್ತೆ ತೆರೆದಿದೆ, ಯಾವ ಅಣೆಕಟ್ಟಿನಿಂದ ನೀರು ಬಿಡುತ್ತಾರೆ ಎಂಬುದು ವಾಟ್ಸಾಪ್ ಗಾಳಿಮಾತಿಗಿಂತ ಆಕಾಶವಾಣಿಯಿಂದ ತಿಳಿಯುವುದು ಮೇಲು. ಸುದ್ದಿ ಬಂದಾಗ ಪರಿಶೀಲಿಸಿ ಎಂಬ ಆಜ್ಞೆ ಸೂರಃ ಅಲ್ ಹುಜುರಾತ್‌ನಲ್ಲಿದೆಯಲ್ಲವೇ? ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಳಗಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೀಪದ ವಿಷಯಕ್ಕೆ ಬರೋಣ. ಪರಿಹಾರ ಕೇಂದ್ರವೆಂದರೆ ಸಾಮಾನ್ಯವಾಗಿ ಶಾಲೆ, ಕಲ್ಯಾಣ ಮಂಟಪ. ನೂರಾರು ಜನ, ಶೌಚಾಲಯ ಹಿಂಬದಿಯಲ್ಲಿ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಅಲ್ಲಿಗೆ ಹೋಗಲು ಹೆದರಿ ಸಂಜೆಯಿಂದ ನೀರನ್ನೇ ಕುಡಿಯುವುದಿಲ್ಲ. ಮೊದಲ ದೀಪ ಆ ದಾರಿಗೆ ಹೋಗಬೇಕು, ಎರಡನೆಯದು ಬಾಣಂತಿಯರು, ಕಾಯಿಲೆಯವರು ಮಲಗುವ ಕಡೆಗೆ. ಟಾರ್ಪಾಲಿನ ಕೆಳಗೆ ಮೇಣದಬತ್ತಿ ಹಚ್ಚುವುದು ಅಪಾಯ. ಅದನ್ನು ಕಳಿಸಲೇಬೇಡಿ.

ಸೋಲಾರ್ ದೀಪ ಕೊಟ್ಟರೆ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ಆದರೆ ಆಗಸ್ಟ್‌ನ ಮಲೆನಾಡಿನಲ್ಲಿ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ, ಪ್ಯಾನೆಲ್ ಇದ್ದೂ ದೀಪ ಮಂಕಾಗುತ್ತದೆ. ಅಲ್ಲಿಗೆ ಕೈಯಲ್ಲಿ ತಿರುಗಿಸಿ ಚಾರ್ಜ್ ಮಾಡುವ ಹಿಡಿಕೆ ಇರುವುದು ಅಥವಾ ಸೆಲ್ ಹಾಕುವುದು ಬೇಕು. ಕಡೂರು, ಅಜ್ಜಂಪುರದ ಬಯಲಿನಲ್ಲಿ ಅಷ್ಟು ಮಳೆಯಿಲ್ಲ. ಸೋಲಾರ್ ದೀಪಗಳನ್ನು ಇಲ್ಲೇ ಪೂರ್ತಿ ಚಾರ್ಜ್ ಮಾಡಿ ಲಾರಿಗೆ ಹಾಕಿದರೆ ಹೋದ ರಾತ್ರಿಯೇ ಉರಿಯುತ್ತವೆ. ಬಿಸಿಲನ್ನೇ ಕಟ್ಟಿ ಕಳಿಸಿದ ಹಾಗೆ!

ಕೆಟ್ಟ ಟಾರ್ಚು, ಸೆಲ್ ಸೋರಿದ ರೇಡಿಯೊ ಸದಕಾ ಅಲ್ಲ. ನಾವೇ ಕಣ್ಣು ಮುಚ್ಚಿಕೊಳ್ಳದೆ ತೆಗೆದುಕೊಳ್ಳಲಾರದ್ದನ್ನು ಕೊಡಬಾರದೆಂದು ಸೂರಃ ಅಲ್ ಬಕರಃ ತಾಕೀತು ಮಾಡುತ್ತದೆ. ಪಡೆಯುವವರ ಜಾತಿ, ಧರ್ಮ ಕೇಳುವುದು ಬೇಡ, ದೀಪ ಹಿಡಿಸಿ ಫೋಟೊ ತೆಗೆಯುವುದೂ ಬೇಡ. ಕೇಂದ್ರದ ಅಧಿಕಾರಿಗೆ ಕೊಟ್ಟು, ಎಲ್ಲಿ ಹಾಕಬೇಕೆಂದು ಅಲ್ಲಿನ ಹೆಂಗಸರನ್ನೇ ಕೇಳಿ.

ಕಡೂರು, ತರೀಕೆರೆ, ಅಜ್ಜಂಪುರದ ಪ್ರತಿ ಮಸೀದಿಯಲ್ಲೂ ಒಂದು ಪೆಟ್ಟಿಗೆ ಇರಲಿ: ಹತ್ತು ದೀಪ, ಎರಡು ರೇಡಿಯೊ, ಬೇರೆಯಾಗಿ ಕಟ್ಟಿಟ್ಟ ಸೆಲ್‌ಗಳು, ಕನ್ನಡದಲ್ಲಿ ಬರೆದ ಬಳಕೆಯ ಚೀಟಿ. ಚಾರ್ಜ್ ಇಲ್ಲದೆ ಮೂಲೆಯಲ್ಲಿ ಬಿದ್ದಿರುವ ಬ್ಯಾಟರಿ ತಾನಾಗಿ ಸಾಯುತ್ತದೆ. ಆದ್ದರಿಂದ ಎರಡು ತಿಂಗಳಿಗೊಮ್ಮೆ ಜುಮಾ ಮುಗಿದ ಮೇಲೆ ಜಮಾಅತಿನ ಇಬ್ಬರು ಯುವಕರು ಎಲ್ಲವನ್ನೂ ಹಚ್ಚಿ ನೋಡಿ, ಬಿಸಿಲಿಗಿಟ್ಟು, ದಿನಾಂಕ ಬರೆದಿಡಲಿ. ಮೊದಲ ಪರೀಕ್ಷೆ ಮೇ ತಿಂಗಳೊಳಗೆ ಆಗಬೇಕು.